ಗಾಳಿ ಬಿಟ್ಟವನೇ ಹಾಕ್ಬೇಕು

ಭಾನುವಾರ, ಮಧ್ಯಾಹ್ನ

ಅಕ್ಕಾ,

ಇಲ್ಲ, ನಾನು ತಪ್ಪಾಯ್ತು ಅನ್ನಲ್ಲ. ಪಕ್ಕದ ಮನೆಯವರ ಹತ್ರ ತಪ್ಪಾಯ್ತು ಅನ್ನು, ಮುಂದಿನ ರೂಮು ಅವರ ಟೈರು ಟಾರ್ಪಾಲಿಗೆ ಬಿಟ್ಟುಕೊಡು, ಭಾವನ ಗೋಡೌನಿಗೆ ಬಂದು ಸೇರ್ಕೋ ಅಂತ ಬರೆದಿದ್ದೀಯ. ಓದಿ ಮಡಚಿ ಜೇಬಿಗಿಟ್ಟೆ, ಮತ್ತೆ ತೆಗೆದು ಓದ್ದೆ, ಸಿಟ್ಟು ಇಳೀಲಿಲ್ಲ. ಫೋನಲ್ಲಾದ್ರೆ ಮಧ್ಯ ಬಾಯಿ ಹಾಕ್ತೀಯ, ಅದಕ್ಕೆ ಬರೀತಿದ್ದೀನಿ. ಪ್ರೆಸ್ಸಿನ ಕೆಲಸ ಬಿಟ್ಟಾಗ ಯಜಮಾನ ಸರಿಯಿಲ್ಲ ಅಂದೆ, ಬೇಕರಿ ಬಿಟ್ಟಾಗ ಬಿಸಿ ತಡ್ಯೋಕಾಗಲ್ಲ ಅಂದೆ, ಈಗ ಲಾರಿ ಅಡ್ಡ ಅಂತಿದ್ದೀಯ, ನಿನ್ನ ಕಾಲಲ್ಲಿ ಚಕ್ರ ಇದೆ ಅಂತ ಬರೆದಿದ್ದೀಯ. ಹಿಂದಿನ ಎರಡೂ ಒಪ್ಕೋತೀನಿ. ಲಾರಿ ಮಾತ್ರ ನೆಪ ಅಲ್ಲಕ್ಕ. ಬಂದು ನೋಡು, ಹತ್ತು ಚಕ್ರದ್ದು.

ನೀನು ಮದುವೆಯಾಗಿ ಹೋದಾಗ ಪಕ್ಕದ ಮನೆಯವರ ಹತ್ರ ಒಂದು ಗೂಡ್ಸ್ ಆಟೋ ಇತ್ತು. ಈಗ ಎರಡು ಲಾರಿ. ಒಂದು ಅವರ ಗೇಟಿನ ಮುಂದೆ, ಇನ್ನೊಂದು ನಮ್ಮ ಮುಂದಿನ ರೂಮಿಗೆ ಕೆನ್ನೆ ಕೊಟ್ಕೊಂಡು ನಿಲ್ತಿತ್ತು. ಆ ರೂಮಲ್ಲೇ ನನ್ನ ಸೈಕಲ್ ಅಂಗಡಿ. ಬೋರ್ಡು ನಾನೇ ಬರೆದದ್ದು, ಅದನ್ನ ಓದ್ತಿದ್ದದ್ದು ಲಾರಿಯ ಡೀಸೆಲ್ ಟ್ಯಾಂಕ್ ಒಂದೇ. ಹಗಲು ಲೈಟ್ ಹಾಕ್ಕೊಂಡು ಪಂಕ್ಚರ್ ಹುಡುಕ್ತಿದ್ದೆ. ಲೋಡಿಗೆ ಹೋಗೋ ದಿನ ಬೆಳಿಗ್ಗೆ ಬ್ರೇಕಿಗೆ ಗಾಳಿ ತುಂಬೋವರೆಗೆ ಇಂಜಿನ್ ಓಡಿಸ್ತಾನೇ ಇರ್ತಿದ್ರು. ಹೊಗೆಯೆಲ್ಲ ಒಳಗೆ. ಒಗೆದ ಬಟ್ಟೆನ ಅಮ್ಮ ಮತ್ತೆ ಒಗೀತಿದ್ದಳು. ಆ ಸಂದಿಯಲ್ಲಿ ಸೈಕಲ್ ತಳ್ಕೊಂಡು ಹೋಗು ಅಂತ ಯಾವ ತಾಯಿ ಮಗೂನ ಕಳಿಸ್ತಾಳೆ?

ಬಾಯಿ ಬಿಟ್ಟು ಕೇಳಿದ್ಯಾ ಅಂತೀಯ. ಕೇಳ್ದೆ. ಅಣ್ಣಾ, ಸ್ವಲ್ಪ ಮುಂದೆ ಹಾಕಿ ಅಂದೆ. ರೋಡೇನು ನಿಮ್ಮಪ್ಪ ಬರ್ಕೊಟ್ಟು ಹೋಗಿದ್ದಾರಾ ಅಂದ್ರು. ಇಲ್ಲ, ನಿಮ್ಮಪ್ಪ ಬರ್ಕೊಟ್ಟಿದ್ರೆ ಕಾಗದ ತೋರಿಸಿ ಅಂದೆ. ಮಾತು ಅಲ್ಲಿಗೆ ಮುಗೀತು.

ಎದುರುಮನೆ ರಿಟೈರ್ಡ್ ಹೆಡ್‌ಮಾಸ್ಟರು, ನೀನು ಕಂಪ್ಲೇಂಟ್ ಕೊಡಪ್ಪ, ನಾನಿದ್ದೀನಿ ಅಂದ್ರು. ಬೀದಿಯವರೂ ನಾವಿದ್ದೀವಿ ಅಂದ್ರು. ಟ್ರಾಫಿಕ್ ಪೊಲೀಸ್ ಬಂದು ಯಾರ್ರೀ ಕಂಪ್ಲೇಂಟು ಅಂದಾಗ ಹೆಡ್‌ಮಾಸ್ಟರಿಗೆ ಒಲೆ ಮೇಲೆ ಹಾಲಿಟ್ಟದ್ದು ನೆನಪಾಯ್ತು. ಮಿಕ್ಕವರು ಆ ಹಾಲು ನೋಡೋಕೆ ಹೋದ್ರು. ಪೊಲೀಸಪ್ಪ ಬೀದಿಯ ಆ ತುದಿ ಈ ತುದಿ ನೋಡಿ, ಲಾರಿ ನಿಲ್ಲಿಸಬಾರದು ಅಂತ ಎಲ್ಲೂ ಬೋರ್ಡಿಲ್ಲ, ಬೋರ್ಡಿಲ್ಲದೆ ನಾನೇನ್ ಮಾಡ್ಲಿ, ಮೊದಲು ಬೋರ್ಡಿಗೆ ಅರ್ಜಿ ಹಾಕು ಅಂದು ಹೋದ.

ಅರ್ಜಿ ಹಾಕಿದ್ದೀನಿ. ಆದ್ರೆ ಅವತ್ತೇ ಸಾಯಂಕಾಲ ನಮ್ಮ ಕಡೆಯ ಚಕ್ರಗಳ ಗಾಳಿ ಬಿಟ್ಟೆ. ಹೌದು, ನೀನು ಅಂದ್ಕೊಂಡಿದ್ದು ಸರಿ, ನಾನೇ.

ಈಗ ನಗು. ಗಾಳಿ ಬಿಟ್ರೆ ಲಾರಿ ಎಲ್ಲಿಗೆ ಹೋಗುತ್ತೆ? ಅಷ್ಟು ಬುದ್ಧಿ ನನಗೆ ಓಡಲಿಲ್ಲ. ಮೊದಲು ಲೋಡು ಸಿಕ್ಕ ದಿನವಾದ್ರೂ ತೊಲಗ್ತಿತ್ತು. ಈಗ ಮೈತುಂಬ ಜಲ್ಲಿ ಹೊತ್ಕೊಂಡು, ನಮ್ಮ ಕಡೆ ವಾಲ್ಕೊಂಡು ಅಲ್ಲೇ ಕೂತುಬಿಡ್ತು. ಟೈರ್ ಅಂಗಡಿಯವನು ಗಾಳಿ ಹಾಕೋ ತನ್ನ ಗಾಡಿ ತಂದ, ಬೀದಿ ಬಾಯಲ್ಲೇ ನಿಂತ. ಇವರದ್ದೇ ಇನ್ನೊಂದು ಲಾರಿ ಅಡ್ಡ, ಅದರ ಡ್ರೈವರ್ ಬೀಗದ ಕೈ ಜೇಬಲ್ಲಿಟ್ಕೊಂಡು ಊರಿಗೆ ಹೋಗಿದ್ದ. ನಿಮ್ಮ ಬೀದೀಲಿ ಮನುಷ್ಯರು ನಡೆಯೋದಾದ್ರೂ ಹೇಗೆ ಸ್ವಾಮಿ ಅಂತ ಲಾರಿಯವರನ್ನೇ ಬೈದು ವಾಪಸ್ ಹೋದ.

ಬೀದೀಲಿ ಇನ್ನು ಗಾಳಿ ಇದ್ದದ್ದು ನನ್ನ ಹತ್ರ ಮಾತ್ರ. ಪಕ್ಕದ ಮನೆಯವರೇ ಬಂದ್ರು. ಯಾರು ಬಿಟ್ಟದ್ದು ಅಂತ ಕೇಳಲೇ ಇಲ್ಲ. ತಮ್ಮಾ, ಗಾಳಿ ಹಾಕ್ತೀಯಾ ಅಂದ್ರು. ಹಾಕ್ತೀನಿ ಅಂದೆ. ಅಂಗಡಿ ಇಟ್ಟಮೇಲೆ ಬಂದ ಗಿರಾಕಿನ ಕಳಿಸೋಕಾಗುತ್ತಾ?

ನನ್ನ ಕಂಪ್ರೆಸರ್ ಸೈಕಲ್ಲಿಗೆ, ಬೈಕಿಗೆ ಆಗೋವಂಥದ್ದು. ಅದರಲ್ಲಿ ಲಾರಿ ಟೈರ್ ತುಂಬಿಸೋದು ಅಂದ್ರೆ ಚೊಂಬಲ್ಲಿ ಕೆರೆ ತುಂಬಿಸಿದ ಹಾಗೆ. ಸ್ವಲ್ಪ ಹೊತ್ತು ಓಡುತ್ತೆ, ಬಿಸಿಯಾಗುತ್ತೆ, ಆರೋಕೆ ಬಿಡ್ಬೇಕು. ದಿನವೆಲ್ಲ ಅವರೂ ನಾನೂ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ವಿ. ಎಷ್ಟು ಹೊತ್ತು ಅಂತ ಮುಖ ತಿರುಗಿಸ್ಕೊಂಡಿರೋದು? ಬೀದಿ ಕೊನೆಯಲ್ಲಿ ಮುಚ್ಚಿದ ಗಿರಣಿ ಗೋಡೆ ಉದ್ದಕ್ಕೂ ಜಾಗ ಬಿದ್ದಿದೆಯಲ್ಲ, ಅಲ್ಲಿ ಯಾಕೆ ನಿಲ್ಲಿಸಲ್ಲ ಅಂದೆ. ನಿಲ್ಲಿಸಿದ್ದೆ ಕಣೋ, ಒಂದ್ಸಲ ಬ್ಯಾಟರಿ ಹೋಯ್ತು, ಒಂದ್ಸಲ ಡೀಸೆಲ್ ಹೋಯ್ತು, ಇನ್ನೊಂದಿನ ಬಿಟ್ಟಿದ್ರೆ ಡ್ರೈವರ್‌ನೂ ಬಿಚ್ಕೊಂಡು ಹೋಗ್ತಿದ್ರು ಅಂದ್ರು. ಇಲ್ಲಾದ್ರೆ ನಿಮ್ಮಮ್ಮ ಯಾವಾಗ್ಲೂ ಕಿಟಕಿ ಹತ್ರ ಇರ್ತಾರೆ, ಕಳ್ಳ ಹತ್ರ ಸುಳಿಯಲ್ಲ ಅಂದ್ರು. ನಮ್ಮಮ್ಮನ್ನ ಸಂಬಳ ಇಲ್ಲದ ವಾಚ್‌ಮನ್ ಮಾಡಿದ್ದೀರಲ್ಲ ಅಂದೆ. ನಕ್ಕರು, ನನಗೂ ನಗು ಬಂತು.

ಆಮೇಲೆ ಮೆಲ್ಲಗೆ ಅಂದ್ರು, ಅಮ್ಮ ರೂಮು ಕೊಡ್ತೀನಿ ಅಂತ ಆಗಲೇ ಮಾತು ಕೊಟ್ಟಾಗಿದೆ ಅಂತ. ನನ್ನ ಮಗ ಹೇಗೂ ಇದನ್ನೂ ಬಿಡ್ತಾನೆ ಅಂದಳಂತೆ. ನನಗೆ ಇನ್ನೂ ನೋಡೋಣ ಅಂತಲೇ ಹೇಳ್ತಿದ್ದಾಳೆ. ನಿನಗೆ ಗೊತ್ತಿತ್ತು ಅಲ್ವಾ ಅಕ್ಕ? ಗೊತ್ತಿದ್ದೇ ಭಾವನ ಹತ್ರ ಕೆಲಸ ಹೇಳಿಟ್ಟಿದ್ದೀಯ.

ನಾನು ಕೂಗಾಡ್ಲಿಲ್ಲ. ಕೈಯಲ್ಲಿ ಗಾಳಿ ಪೈಪ್ ಇತ್ತು, ಬಿಟ್ರೆ ಬೆಳಿಗ್ಗೆಯಿಂದ ಹಾಕಿದ್ದು ಹೋಗ್ತಿತ್ತು. ಆ ಚಕ್ರ ಮುಗಿಸಿ, ರೂಮು ತಗೊಳ್ಳಿ, ಅಂಗಡಿ ನಾನು ಗಿರಣಿ ಗೋಡೆಗೆ ತಗೊಂಡು ಹೋಗ್ತೀನಿ ಅಂದೆ. ಲಾರಿನೂ ಅಲ್ಲೇ ನಿಲ್ಲಿಸಿ, ಹಗಲು ನಾನು ನೋಡ್ಕೋತೀನಿ, ರಾತ್ರಿ ನಿಮ್ಮ ಡ್ರೈವರ್ ಕ್ಯಾಬಿನ್ನಲ್ಲಿ ಮಲಗ್ಲಿ ಅಂದೆ. ತಲೆ ಕೆರ್ಕೊಂಡ್ರು. ನೀನು ಎಷ್ಟು ದಿನ ಇರ್ತೀಯೋ ಅಂದ್ರು. ನಿಮ್ಮ ಲಾರಿ ಇರೋವಷ್ಟು ದಿನ ಅಂದೆ. ಆಯ್ತು, ನೋಡೇ ಬಿಡೋಣ ಅಂದ್ರು. ಅದೂ ರೋಡೇ ಅಲ್ವೇನೋ ಅಂತ ನೀನು ಕೇಳ್ತೀಯ. ರೋಡೇ. ಆದ್ರೆ ಅಲ್ಲೂ ಬೋರ್ಡಿಲ್ಲ.

ನಿನ್ನೆ ಲಾರಿ ಎದ್ದು ಹೋಯ್ತು. ರೂಮಿಗೆ ಬೆಳಕು ಬಂತು, ಎಷ್ಟು ಧೂಳು ಕೂತಿತ್ತು ಅಂತ ಆಗ ಕಾಣಿಸ್ತು. ಗಿರಣಿ ಗೋಡೆ ಹತ್ರ ಅಂಗಡಿಗೆ ತಗಡು ಹೊದಿಸಿದ್ದೀನಿ. ನಮ್ಮ ಹೊಸ್ತಿಲಲ್ಲಿ ನಿಂತ್ರೆ ಕಾಣುತ್ತೆ, ಅಷ್ಟೇ ದೂರ. ಭಾವನಿಗೆ ಹೇಳು, ಬೇಜಾರು ಮಾಡ್ಕೋಬೇಡಿ, ಬರಲ್ಲ ಅಂತ.

ನಿನ್ನ ತಮ್ಮ

ತಾ.ಕ.: ಅಮ್ಮನಿಗೆ ಮಾತ್ರ ಗೋಡೌನಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿದ್ದೆ. ಬೇಡ ಕಣೋ, ಅಂಗಡಿ ನೋಡ್ಕೊಂಡು ಇಲ್ಲೇ ಇರು ಅಂತಾಳೇನೋ ನೋಡೋಣ ಅಂತ. ಬಟ್ಟೆ ಮಡಚಿ ಚೀಲಕ್ಕೆ ತುಂಬಿ ತಂದಿಟ್ಟು, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು. ಚೀಲ ಅಲ್ಲೇ ಇದೆ. ಕಂಪ್ರೆಸರ್ ಎತ್ಕೊಂಡಿದ್ದೀನಿ. ಈ ಕಾಗದ ಮಡಚಿ, ಬಾಗಿಲು ಎಳ್ಕೊಂಡು ಗಿರಣಿ ಗೋಡೆ ಕಡೆಗೆ ಹೊರಟೆ.