ಬೋಕ್‌ನಿಮ್ ಹಾಕಿದ ಮತ

ಇಂಚೋನ್,
ಮಾರ್ಚ್ ೧೩, ೧೯೭೭, ಭಾನುವಾರ

ಪ್ರೀತಿಯ ಬೋಕ್‌ನಿಮ್ ಅಕ್ಕನಿಗೆ,

ನಿನ್ನ ಮಾಲ್‌ಸುನ್ ಮಾಡುವ ನಮಸ್ಕಾರ. ಕಾಲು ಹೇಗಿದೆ? ಮಾಸಾನಿನ ಕಡಲ ಗಾಳಿಗೆ ಮಂಡಿ ಮತ್ತೆ ಊದಿಕೊಂಡಿಲ್ಲ ತಾನೆ? ಬಿಸಿ ಉಪ್ಪಿನ ಶಾಖ ಕೊಡುವುದನ್ನು ಬಿಡಬೇಡ. ರೇಡಿಯೋ ಕಾರ್ಖಾನೆಯಲ್ಲಿ ನಿನ್ನನ್ನು ತಪಾಸಣೆಯ ಮೇಜಿಗೆ ಹಾಕಿದ್ದಾರೆ, ದಿನವಿಡೀ ಕುಳಿತೇ ಮಾಡುವ ಕೆಲಸ ಎಂದು ನೀನು ಬರೆದದ್ದನ್ನು ನಮ್ಮ ಕೋಣೆಯ ಎಲ್ಲರಿಗೂ ಓದಿ ಹೇಳಿದೆ. ನನ್ನ ಪಕ್ಕ ಮಲಗುವ ಹ್ಯಾಂಗ್‌ಜಾ ಗೊತ್ತಲ್ಲ, ಆ ಬಾಯಿಬಡುಕಿ, “ಕೂತ್ಕೊಂಡ್ ಮಾಡೋ ಕೆಲ್ಸಾನಾ? ನಿಮ್ಮಕ್ಕಂಗೆ ಬರಿಯೇ, ನಾನೂ ಒಂದ್ ಕಾಲು ಮುರ್ಕೊಂಡು ಬರ್ತೀನಿ ಅಂತ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎಡಗಾಲು ಸ್ವಾಧೀನವಿಲ್ಲದವಳಿಗೆ ಕುರ್ಚಿ ಕೊಟ್ಟು ಕೆಲಸ ಕೊಡುವ ಜಾಗ ನಿನಗೆ ಇನ್ನೊಂದು ಸಿಗುವುದಿಲ್ಲ ಎಂಬುದು ನನಗೆ ಗೊತ್ತು, ಅಕ್ಕಾ. ಅದಕ್ಕೇ ಈ ಕಾಗದ ಬರೆಯಲು ಕೈ ಓಡುತ್ತಿಲ್ಲ.

ಅಮ್ಮನ ಕೆಮ್ಮು ಕಡಿಮೆಯಾಗಿದೆಯಂತೆ, ಅಪ್ಪ ಬರೆಸಿದ್ದರು. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ನೆಲ ಬಿಸಿ ಮಾಡುವ ಇದ್ದಿಲು ಬಿಲ್ಲೆಯನ್ನು ಮನೆಯೊಡತಿ ದಿನಕ್ಕೊಂದೇ ಹಾಕುತ್ತಾಳೆ. ನಾನು ಆರೋಗ್ಯವಾಗಿದ್ದೇನೆ, ಬಾರ್ಲಿ ಅನ್ನ, ಮೂಲಂಗಿ ಕಿಮ್ಚಿ ಹೊಟ್ಟೆ ತುಂಬ ತಿನ್ನುತ್ತಿದ್ದೆ. ಗುರುವಾರದಿಂದ ಮಾತ್ರ ನನ್ನ ಪಾಲನ್ನು ಹ್ಯಾಂಗ್‌ಜಾಳಿಗೆ ಕೊಡುತ್ತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಆ ದಿನ ನಿನಗೆ ನೆನಪಿದೆಯೆ? ಹದಿಮೂರರ ಹುಡುಗಿಯನ್ನು ಯಾವ ನೂಲಿನ ಗಿರಣಿಯೂ ಸೇರಿಸಿಕೊಳ್ಳುವುದಿಲ್ಲವೆಂದು ಅಪ್ಪ ಊರ ಕಚೇರಿಗೆ ಹೋಗಿ ನಿನ್ನ ಜನನ ನೋಂದಣಿಯ ನಕಲು ತಂದರು. “ಅವಳು ಹೇಗೂ ಮನೇಲೇ ಬಿದ್ದಿರೋಳು. ಅವಳ ಹೆಸರಾದ್ರೂ ದುಡೀಲಿ” ಎಂದರು. ನೀನು ಒಲೆಯ ಮುಂದೆ ಕುಳಿತು ಮೂಲಂಗಿ ಸೊಪ್ಪು ಬಿಡಿಸುತ್ತಿದ್ದೆ. ನಿನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಗಿರಣಿಯಲ್ಲಿ ಹೀಗೆ ಅಕ್ಕಂದಿರ, ಚಿಕ್ಕಮ್ಮಂದಿರ ಹೆಸರಿನಲ್ಲಿ ಬಂದವರು ಲೆಕ್ಕವಿಲ್ಲದಷ್ಟಿದ್ದೇವೆ. ಯಾರಿಗೂ ಅದು ತಪ್ಪೆಂದೇ ಅನಿಸಿರಲಿಲ್ಲ. ಯಂತ್ರದ ಮುಂದೆ ನಾನು ಬೋಕ್‌ನಿಮ್ಮಳೂ ಅಲ್ಲ, ಮಾಲ್‌ಸುನ್ನಳೂ ಅಲ್ಲ. ಮೇಸ್ತ್ರಿಗಳಿಗೆ ನಾನು ಬರೀ ಯಂತ್ರದ ನಂಬರು, “ಏಯ್ ಹದಿನಾರು.” ಕಾರ್ಮಿಕ ಸಂಘದ ಕೋಣೆಯಲ್ಲಿ ಪ್ಯೋ ಅಕ್ಕ ಮೊದಲ ಸಲ “ಬೋಕ್‌ನಿಮ್, ನಿಂಗೇನನ್ಸುತ್ತೆ?” ಎಂದು ಕೇಳಿದಾಗ ಯಾರನ್ನು ಕೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದ್ದೆ. ಆಮೇಲೆ ಕೋಣೆಗೆ ಬಂದು ಕಂಬಳಿ ಮುಸುಕು ಹಾಕಿಕೊಂಡು ಅತ್ತೆ. ಗಿರಣಿಗೆ ಬಂದಮೇಲೆ ನನಗೇನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಈ ಪ್ಯೋ ಅಕ್ಕ ನಮ್ಮ ಸಾಲಿನಲ್ಲೇ ನೂಲು ಕಟ್ಟುವವರು. ಊಟಕ್ಕೆ ಯಂತ್ರ ನಿಲ್ಲಿಸುವ ಅರ್ಧ ಗಂಟೆಯನ್ನು ನಮಗೆ ಗಿಟ್ಟಿಸಿಕೊಟ್ಟದ್ದು ಅವರೇ. ಅದಕ್ಕೆ ಮುಂಚೆ ಅನ್ನದ ಡಬ್ಬಿ ಹಿಡಿದು ಓಡುತ್ತಲೇ ತಿನ್ನುತ್ತಿದ್ದೆವು. ನಾಡಿದ್ದು ಮಂಗಳವಾರ ಸಂಘದ ಅಧ್ಯಕ್ಷರ ಚುನಾವಣೆ. ಗಿರಣಿಯಲ್ಲಿ ಹತ್ತರಲ್ಲಿ ಒಂಬತ್ತು ಜನ ಹೆಂಗಸರು, ಆದರೂ ಇಲ್ಲಿಯವರೆಗೆ ಅಧ್ಯಕ್ಷನಾದವನು ಗಂಡಸೇ, ಅದೂ ಮಾಲೀಕರು ಕೈತೋರಿಸಿದವನೇ. ಈ ಸಲ ಅವರ ಕಡೆಯಿಂದ ಕೂ ಮೇಸ್ತ್ರಿ, ನಮ್ಮ ಕಡೆಯಿಂದ ಪ್ಯೋ ಅಕ್ಕ. ಮತ ಹಾಕುವ ಪ್ರತಿನಿಧಿಗಳು ನಲವತ್ತೇಳು ಜನ. ಎಷ್ಟು ಸಲ ಲೆಕ್ಕ ಹಾಕಿದರೂ ನಮಗೆ ಇಪ್ಪತ್ನಾಲ್ಕು, ಅವರಿಗೆ ಇಪ್ಪತ್ಮೂರು. ಆ ಇಪ್ಪತ್ನಾಲ್ಕರಲ್ಲಿ ಒಂದು ನಾನು. ನಾನು ಅಂದರೆ ನೀನು.

ಗುರುವಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ಕಚೇರಿಗೆ ಕರೆಸಿದರು. ವ್ಯವಸ್ಥಾಪಕರ ಕುರ್ಚಿಯಲ್ಲಿ ರಾಜಧಾನಿ ಸೋಲ್‌ನಿಂದ ಬಂದ ಒಬ್ಬರು ಕುಳಿತಿದ್ದರು. ಹೆಸರು ಹೇಳಲಿಲ್ಲ, ಯಾವ ಇಲಾಖೆ ಎಂದೂ ಹೇಳಲಿಲ್ಲ. ಹೇಳದಿದ್ದರೆ ಯಾವ ಇಲಾಖೆ ಎಂದು ಈ ದೇಶದಲ್ಲಿ ಮಕ್ಕಳಿಗೂ ಗೊತ್ತು. ಬಹಳ ಮೆತ್ತಗೆ ಮಾತಾಡಿದರು, ಅಕ್ಕಾ. “ಇಪ್ಪತ್ಮೂರು ವರ್ಷ ಅಂತ ಬರ್ದಿದೆ. ಮುಖ ನೋಡಿದ್ರೆ ಹಾಲು ಕುಡಿಯೋ ಮಗು ಇದ್ದಂಗಿದೀಯ. ಮಂಗಳವಾರ ಹೊಟ್ಟೆನೋವು ಅಂತ ಮಲಕ್ಕೊಂಡುಬಿಡು, ತಾಯಿ. ಮತ ಹಾಕಿದ್ಯೋ, ಈ ಹೆಸರು, ಈ ನಂಬರು ಎಲ್ಲಾ ಕಾರ್ಖಾನೆಗೂ ಹೋಗುತ್ತೆ. ಪುಸಾನೂ ಇಲ್ಲ, ಮಾಸಾನೂ ಇಲ್ಲ. ಯಾವ ಗೇಟೂ ತೆಗಿಯಲ್ಲ.” ಮಾಸಾನ್ ಎಂದದ್ದೇ ತಡ, ಅವರ ಕೈಯ ಪೆನ್ನಿನ ಕಡೆ ನೋಡಿದೆ. ಅವರಿಗೆ ನಿನ್ನ ವಿಷಯ ಗೊತ್ತಿಲ್ಲ, ಸುಮ್ಮನೆ ಊರಿನ ಹೆಸರು ಹೇಳಿದ್ದು. ಆದರೆ ಅವರು ಬರೆದುಕೊಂಡ ಗುರುತಿನ ಚೀಟಿಯ ನಂಬರು ನಿನ್ನದು. ಬೇರೆ ಹುಡುಗಿಯರಿಗೆ ಹೋಗುವುದು ಅವರವರ ಕೆಲಸ. ನಾನು ಮತ ಹಾಕಿದರೆ ಹೋಗುವುದು ನಿನ್ನ ಕುರ್ಚಿ. ನಾನು ಬೋಕ್‌ನಿಮ್ ಅಲ್ಲ ಎಂದು ಬಾಯಿಬಿಟ್ಟರೆ ನಾನು ಪ್ರತಿನಿಧಿಯೇ ಅಲ್ಲ, ಒಂದು ಮತ ಹೋಯಿತು, ಸಂಘವೂ ಹೋಯಿತು. ಅತ್ತ ದರಿ, ಇತ್ತ ಪುಲಿ.

ನಿನ್ನೆ ತಡೆಯಲಾರದೆ ಪ್ಯೋ ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯುತ್ತಾರೆ, ಇಲ್ಲವೆ ಬಂದೇ ಬಾ ಎಂದು ಒತ್ತಾಯ ಮಾಡುತ್ತಾರೆ ಎಂದುಕೊಂಡಿದ್ದೆ. ಅವರೋ, “ನಿಮ್ಮಕ್ಕನ ಅನ್ನ ಕೇಳೋ ಹಕ್ಕು ನಂಗಿಲ್ಲ ಕಣೇ. ಮಂಗಳವಾರ ನೀನು ಬರದಿದ್ರೆ ಯಾಕೆ ಅಂತ ಕೇಳಲ್ಲ” ಎಂದರು. ಬೈದಿದ್ದರೆ ವಾಸಿಯಾಗಿತ್ತು.

ಈಗ ನಿಜ ಹೇಳುತ್ತೇನೆ. ಅಂಚೆಯಲ್ಲಿ ಹಾಕಿದರೆ ಒಡೆದು ಓದುತ್ತಾರೆ ಎಂದು ಈ ಕಾಗದವನ್ನು ಹ್ಯಾಂಗ್‌ಜಾಳ ಮಾವನ ಮೀನಿನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಲಾರಿ ಹೊರಡುವುದು ಮಂಗಳವಾರ ಮಧ್ಯಾಹ್ನ, ಮತದಾನ ಬೆಳಿಗ್ಗೆ. ಬೇಕಿದ್ದರೆ “ಹೆಸರು ಬಳಸಲೆ?” ಎಂದು ಎರಡು ಪದದ ತಂತಿ ಕೊಡಬಹುದಿತ್ತು. ನಿನ್ನೆಯೂ ಕೊಡಲಿಲ್ಲ, ಇವತ್ತೂ ಕೊಟ್ಟಿಲ್ಲ. ನಿನ್ನನ್ನು ಕೇಳಿದ ಹಾಗೂ ಇರಬೇಕು, ನೀನು ಬೇಡ ಎನ್ನುವುದಕ್ಕೂ ಆಗಬಾರದು, ಇದು ನನ್ನ ಬುದ್ಧಿ. ಅಪ್ಪನಿಗಿಂತ ನಾನೇನೂ ಮೇಲಲ್ಲ.

ಅಲ್ಲಿ ಬಿಸಿನೀರು ಸಿಕ್ಕಾಗ ಕಾಲು ನೆನೆಹಾಕಿಕೋ. ಅಮ್ಮನಿಗೆ ನಾನು ದಪ್ಪಗಾಗಿದ್ದೇನೆ ಎಂದು ಬರೆ. ನಿನ್ನ ಮೇಜಿನ ಜೊತೆಗಾರ್ತಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಮಾಲ್‌ಸುನ್

ತಾ.ಕ.: ಮಂಗಳವಾರ. ಲಾರಿ ನಿಂತಿದೆ, ಮಾವ ಗೊಣಗುತ್ತಿದ್ದಾರೆ. ಅಕ್ಕಾ, ನಾನು ಹೋದೆ. ಆ ಸೋಲ್‌ನವರು ಬಾಗಿಲಲ್ಲೇ ಪಟ್ಟಿ ಹಿಡಿದು ನಿಂತಿದ್ದರು. ಬೋಕ್‌ನಿಮ್ ಎಂದು ಕೂಗಿದರು, ಎದ್ದು ನಿಂತೆ. ಇಪ್ಪತ್ನಾಲ್ಕು, ಇಪ್ಪತ್ಮೂರು. ಪ್ಯೋ ಅಕ್ಕ ಗೆದ್ದರು. ಜೊತೆಗಿಟ್ಟ ಇನ್ನೊಂದು ಹಾಳೆಯಲ್ಲಿ ನನ್ನ ಹೆಸರು, ಹುಟ್ಟಿದ ದಿನ, ನಾಲ್ಕು ವರ್ಷದಿಂದ ಈ ಗಿರಣಿಯಲ್ಲಿ ನಿನ್ನ ಹೆಸರಿನಲ್ಲಿ ದುಡಿದವಳು, ಇವತ್ತು ಮತ ಹಾಕಿದವಳು ನಾನೇ ಎಂದು ಬರೆದು ಹೆಬ್ಬೆಟ್ಟು ಒತ್ತಿದ್ದೇನೆ. ನಿನ್ನನ್ನು ಗೇಟಿನಲ್ಲಿ ತಡೆದರೆ ಅದನ್ನು ತೋರಿಸು, ನಿನ್ನ ಕುರ್ಚಿ ಉಳಿಯುತ್ತದೆ. ತೋರಿಸಿದರೆ ನಮ್ಮ ಒಂದು ಮತ ಸುಳ್ಳಾಗುತ್ತದೆ, ನನ್ನನ್ನು ಹಿಡಿದುಕೊಂಡು ಹೋಗುತ್ತಾರೆ. ತೋರಿಸಿದರೆ ಬೇಸರವಿಲ್ಲ ಎಂದು ಬರೆಯಬಹುದಿತ್ತು, ಅದು ಸುಳ್ಳು. ಆದರೂ ಹಾಳೆ ನಿನ್ನದು. ಇಷ್ಟು ವರ್ಷದಲ್ಲಿ ನಿನ್ನನ್ನು ಯಾರೂ ಕೇಳಲಿಲ್ಲ, ನಾನು ಈಗ ಕೇಳುತ್ತಿದ್ದೇನೆ: ನಿನಗೇನನ್ನಿಸುತ್ತದೆಯೋ ಹಾಗೆ ಮಾಡು.