ಎರಡು ಬಟ್ಟಲುಗಳ ಮಟ್ಟ

ಖೀವಾ,
ಏಪ್ರಿಲ್ ೨೬

ಸೊಸೆ ಇಂತಿಜಾರ್‌ಗೆ ಅತ್ತೆ ಸಾಪರ್‌ಗುಲ್ ಮಾಡುವ ಸಲಾಂ.

ಹೌದು, ಈ ಸಲ ನಾನೇ ಮೊದಲು ಹೇಳಿದ್ದೇನೆ. ಮದುವೆಯಾಗಿ ಬಂದ ಹೊಸದರಲ್ಲಿ ನೀನು ದಿನಾ ಬೆಳಗಾಗೆದ್ದು ಬಾಗಿಲಲ್ಲಿ ಬಗ್ಗಿ ಸಲಾಂ ಮಾಡುತ್ತಿದ್ದೆ, ನಾನು ತಲೆಯಾಡಿಸುತ್ತಿದ್ದೆ, ಅಷ್ಟೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಗದರುತ್ತೇನೆ, ನೀನು "ಸರಿ ಅತ್ತೆ" ಅನ್ನುತ್ತೀಯ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಗುವಿನ ವಿಷಯ. ಪಕ್ಕದ ಮನೆಯ ಜುಮಾಗುಲ್‌ಳ ಮೊಮ್ಮಗು ಈಗ ಚೆನ್ನಾಗಿದೆ. ಹೋದ ವಾರ ಅದರ ತುಟಿ ಮತ್ತೆ ನೀಲಿಯಾಗಿತ್ತು, ಉಗುರೂ. ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಈಗ ಮೈಗೆ ಬಣ್ಣ ಬಂದಿದೆ, ಅಳುವ ದನಿ ನಮ್ಮ ಅಂಗಳಕ್ಕೂ ಕೇಳುತ್ತದೆ. ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ ಎಂದು ಡಾಕ್ಟರಮ್ಮ ಹೇಳಿದಳಂತೆ. ಅದಕ್ಕೆ ಜುಮಾಗುಲ್, "ನಮ್ಮ ಬಾವೀದಲ್ಲಮ್ಮ, ಸಾಪರ್‌ಗುಲ್ ಅಕ್ಕನ ಮನೇದು. ಬೀದೀಲೆಲ್ಲ ಅದೊಂದೇ ಶುದ್ಧ" ಅಂದಳಂತೆ. ಅವಳೇ ಬಂದು, ನಾನು ಕೊಟ್ಟ ಚಹಾ ಕುಡಿಯುತ್ತ, ನನಗೆ ಹೇಳಿದಳು.

ಹಾಗೆಂದು ಬೀದಿಗೆಲ್ಲ ಸಾರಿದವಳು ನಾನು. ನಿನಗೆ ನೆನಪಿದೆ. ಆ ಮಗುವಿಗೆ ಮೊದಲ ಸಲ ಹಾಗಾದಾಗಲೇ ನೀನು ತಾಷ್ಕೆಂಟಿನ ಪ್ರಯೋಗಾಲಯದಿಂದ ನೀರು ಪರೀಕ್ಷಿಸುವ ನಿನ್ನ ಪೆಟ್ಟಿಗೆ ತಂದೆ. ಆರು ಮನೆಯ ಬಾವಿಗಳ ನೀರಿಗೂ ಅದರ ಪರದೆಯ ಮೇಲೆ ನೈಟ್ರೇಟಿನ ಗುಡ್ಡ ಎದ್ದಿತು. ಹತ್ತಿ ಹೊಲಗಳಿಗೆ ಸುರಿದ ಗೊಬ್ಬರ ನೆಲಕ್ಕಿಳಿದಿದೆ, ಕೂಸುಗಳು ನೀಲಿಯಾಗುವುದು ಅದರಿಂದಲೇ ಎಂದೆ ನೀನು. ಏಳನೆಯದು ನಮ್ಮ ಬಾವಿ. ನಮ್ಮದಕ್ಕೆ ಗುಡ್ಡವೇ ಏಳಲಿಲ್ಲ. ಗೆರೆ ಚೆಲ್ಲಿದ ಗಂಜಿಯ ಹಾಗೆ ಹರಡಿಕೊಂಡಿತು. ಇನ್ನೊಮ್ಮೆ ನೋಡುತ್ತೇನೆ ಎಂದು ನೀನು ಕೇಳಿದೆ. ನಾನು ಬಿಡಲಿಲ್ಲ. ಹೆಂಗಸರೆಲ್ಲ ಸೇರಿದ್ದರು. "ನೋಡಿದ್ರೇನ್ರೇ? ನನ್ನ ಗಂಡ ತೋಡಿದ ಬಾವಿ ಇದು. ಬೆರಳಗಲದ ಗಾಜಿಗೆ ಇದರ ಬೆಲೆ ಏನು ಗೊತ್ತಾಗುತ್ತೆ?" ಎಂದೆ. ಯಾರೋ ನಕ್ಕರು. ಜುಮಾಗುಲ್ ಮಾತ್ರ ನಗಲಿಲ್ಲ, ನಮ್ಮ ಬಾವಿಯ ನೀರು ಸೇದಲು ಹೋಗಿ ಬಕೆಟ್ ತಂದಳು.

ಮಾರನೆಯ ದಿನ ನೀನು ಹೊರಟುಹೋದೆ. ಹೋಗುವಾಗ, "ನನ್ನ ಕೈಯೇ ಸರಿಯಿಲ್ಲ ಅತ್ತೆ" ಎಂದೆ. ಪ್ರಯೋಗಾಲಯದ ಮುಖ್ಯಸ್ಥರಿಗೂ ಹಾಗೆಯೇ ಬರೆದುಕೊಟ್ಟೆಯಂತೆ. ಹಳ್ಳಿಗಾಡಿಗೆ ಈ ಪೆಟ್ಟಿಗೆ ಒಗ್ಗುವುದಿಲ್ಲ, ಈ ಕೆಲಸವನ್ನೇ ನಿಲ್ಲಿಸೋಣ ಎಂದು ಅವರು ಯೋಚಿಸುತ್ತಿದ್ದಾರಂತೆ. ಕದಮ್ ಹೇಳಿದ. ನನ್ನ ಮಗ ನನ್ನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

ಮೊದಲ ದಿನ ನೀನು ತೋರಿಸಿದ್ದನ್ನು ನಾನು ಮರೆತಿದ್ದೇನೆ ಎಂದುಕೊಂಡಿರಬೇಡ. ಆ ಗಾಜಿನ ಬಿಲ್ಲೆಯಲ್ಲಿ ಕೂದಲಿಗಿಂತ ಸಣ್ಣ ಕಾಲುವೆ. ಅದರ ಎರಡು ತುದಿಗೂ ಕಡಲೆ ಕಾಳಿನಷ್ಟು ಬಟ್ಟಲು. ಕೆಂಪು ಬಣ್ಣ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದೆ. ಹುಟ್ಟಿದಾಗಿನಿಂದ ಕಾಲುವೆ ನೋಡಿದವಳು ನಾನು. ಮಾರ್ಚಿನಲ್ಲಿ ಹೊಲದ ಉಪ್ಪು ತೊಳೆಯಲು ನೀರು ಬಿಟ್ಟಾಗ ನಡುವಿನ ನೀರು ಮುಂದೆ ಓಡುತ್ತದೆ, ದಡದ್ದು ಹಿಂದೆ ಉಳಿಯುತ್ತದೆ. ನಿನ್ನ ಕಾಲುವೆಯಲ್ಲಿ ಹಾಗಿರಲಿಲ್ಲ. ಬಣ್ಣದ ಅಂಚು ದಡದಿಂದ ದಡಕ್ಕೆ ನೆಟ್ಟಗೆ, ಕತ್ತರಿಸಿದ ರೇಷ್ಮೆಯ ಅಂಚಿನಂತೆ ಸರಿಯಿತು. ಇಳಿಜಾರಿಲ್ಲ, ಪಂಪಿಲ್ಲ.

"ಯಾರೇ ಇದನ್ನ ತಳ್ತಿರೋದು?" ಎಂದು ಕೇಳಿದೆ.

"ಯಾರೂ ತಳ್ತಿಲ್ಲ ಅತ್ತೆ. ಗಾಜಿನ ಗೋಡೆ ಪಕ್ಕ ತೆಳ್ಳಗೆ ಒಂದು ಪದರ ನೀರಿದೆ, ವಿದ್ಯುತ್ತು ಅದನ್ನ ಎಳೆಯುತ್ತೆ. ದಡದ ನೀರೇ ಉಳಿದದ್ದನ್ನೆಲ್ಲ ಕರ್ಕೊಂಡು ಹೋಗುತ್ತೆ. ನೀರೊಳಗಿನ ಒಂದೊಂದು ಉಪ್ಪೂ ತನ್ನ ತನ್ನ ನಡಿಗೆಯಲ್ಲಿ ಬೇರೆಯಾಗುತ್ತೆ" ಎಂದೆ ನೀನು.

ನಾನು ಎದ್ದು ಅಡಿಗೆಮನೆಗೆ ಹೋದೆ. ಅರವತ್ತೇಳು ವರ್ಷದಲ್ಲಿ ದಡ ನೀರನ್ನು ತಡೆಯುವುದನ್ನು ಕಂಡಿದ್ದೆ. ಹೊರಡಿಸುವುದನ್ನು ಕಂಡಿರಲಿಲ್ಲ.

ಕದಮ್ ಆಮೇಲೆ ತರಲಿ ಎಂದು ನೀನು ಬಿಟ್ಟುಹೋದ ಪೆಟ್ಟಿಗೆ ಇಲ್ಲೇ ಇತ್ತು. ಜುಮಾಗುಲ್ ಚಹಾ ಕುಡಿದು ಹೋದ ಮೇಲೆ ಅದನ್ನು ಅಂಗಳದ ಮಂಚದ ಮೇಲೆ ಬಿಸಿಲಿಗೆ ತಂದಿಟ್ಟೆ. ನೀನು ಮಾಡುವುದನ್ನು ಏಳು ಸಲ ನೋಡಿದವಳಿಗೆ ಎಂಟನೆಯ ಸಲ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಬಟ್ಟಲಿಗೂ ಸೀಸೆಯ ದ್ರವವನ್ನು ಕಣ್ಣಳತೆಯಲ್ಲಿ ಸಮನಾಗಿ ತುಂಬಿದೆ. ನಮ್ಮ ಬಾವಿಯ ಒಂದೇ ಒಂದು ಹನಿ ಇಟ್ಟೆ. ಗುಂಡಿ ಒತ್ತಿದೆ.

ಮೊದಲು ಉಪ್ಪಿನ ಗುಡ್ಡ ಎದ್ದಿತು. ನಮ್ಮ ನೀರಿನ ಉಪ್ಪು ನನ್ನ ನಾಲಿಗೆಗೆ ಗೊತ್ತು. ಅದರ ಹಿಂದೆಯೇ, ನನ್ನ ನಾಲಿಗೆಗೆ ಎಂದೂ ಗೊತ್ತಾಗದ ಇನ್ನೊಂದು, ಆರು ಬಾವಿಗಳಿಗಿಂತ ಎತ್ತರಕ್ಕೆ. ಮೂರು ಸಲ ನೋಡಿದೆ. ಮೂರು ಸಲವೂ ಅದೇ ಜಾಗ, ಅದೇ ಎತ್ತರ. ಕಣ್ಣು ಕೀಳಲಾಗಲಿಲ್ಲ. ಮೂವತ್ತೆಂಟು ವರ್ಷ ನಾನು ಕುಡಿದ, ಕುಡಿಸಿದ ನೀರು ಒಂದು ಹನಿಯಲ್ಲಿ ತನ್ನೊಳಗಿದ್ದುದನ್ನೆಲ್ಲ ಬಿಡಿಸಿ ಸಾಲಾಗಿ ನಿಲ್ಲಿಸಿತ್ತು. ಯಾರ ಮುಖವನ್ನೂ ನೋಡದೆ, ನನ್ನದನ್ನೂ.

ಬಾವಿಗೆ ಹಲಗೆ ಹಾಕಿದ್ದೇನೆ. ಸದ್ದು ಕೇಳಿ ಜುಮಾಗುಲ್ ಬಂದು, "ಅಕ್ಕಾ, ಇದು ನಿಮ್ಮೆಜಮಾನ್ರು ತೋಡಿದ್ದಲ್ವಾ?" ಎಂದಳು. "ಅವರಿದ್ದಿದ್ರೆ ಅವರೇ ಮೊಳೆ ಹೊಡೀತಿದ್ರು. ಬಾಯಿ ಮುಚ್ಕೊಂಡು ಹಲಗೆ ಹಿಡ್ಕೊ" ಎಂದೆ. ಹಿಡಿದುಕೊಂಡಳು. ಈಗ ಬೀದಿಗೆ ಟ್ಯಾಂಕರ್ ಬರುತ್ತದೆ.

ಅಂದು ನಮ್ಮ ಬಾವಿಯ ಪರೀಕ್ಷೆ ಯಾಕೆ ಕೆಟ್ಟಿತು ಎಂಬುದು ನಿನ್ನವರಿಗೆ ತಿಳಿಯಬೇಕು. ಬಟ್ಟಲು ತುಂಬುವ ಕೆಲಸವನ್ನು ನೀನು ನನಗೆ ಕೊಟ್ಟಿದ್ದೆ. ನಮ್ಮ ಬಾವಿಯ ಸರದಿಯಲ್ಲಿ ನಾನು ಒಂದನ್ನು ತುಂಬ ತುಂಬಿದೆ, ಇನ್ನೊಂದನ್ನು ಅರ್ಧ. ಮಾನದ ಅತಿಥಿಗೆ ಗೌರವಕ್ಕೆಂದು ಪಿಯಾಲೆ ಬಟ್ಟಲಿಗೆ ಅರ್ಧವೇ ಚಹಾ ಸುರಿದು ರೂಢಿಯಾದ ಕೈ. ಮಟ್ಟ ಏರುಪೇರಾಗಿ, ನೀರು ತನ್ನ ಭಾರಕ್ಕೇ ಹರಿದು, ಎಲ್ಲ ಕಲಸಿಹೋಯಿತು. ತಪ್ಪು ಪೆಟ್ಟಿಗೆಯದಲ್ಲ, ನಿನ್ನ ಕೈಯದೂ ಅಲ್ಲ. ಈ ಕಾಗದವನ್ನು ಮುಖ್ಯಸ್ಥರಿಗೆ ತೋರಿಸು. ಕೆಳಗೆ ಹೆಸರು ಹಾಕಿದ್ದೇನೆ.

ಕಾಲುವೆಯಾಚೆ ಇನ್ನೂ ಹದಿನಾಲ್ಕು ಬಾವಿಗಳಿವೆ. ಅಲ್ಲೂ ಕೂಸುಗಳಿವೆ. ಬಾ.

ನಿನ್ನ ಅತ್ತೆ,
ಸಾಪರ್‌ಗುಲ್

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ರೂಢಿಯ ಕೈ ಎಂದು ಬರೆದದ್ದು ಸುಳ್ಳು. ಅದಕ್ಕೆ ಮೊದಲು ಆರು ಸಲ ಬಟ್ಟಲು ತುಂಬಿದ್ದೂ ಇದೇ ಕೈ. ಆರು ಸಲವೂ ಮಟ್ಟ ಸಮನಾಗಿತ್ತು. ನೀನು ಪ್ರತಿ ಸಲ ಬಗ್ಗಿ ನೋಡುತ್ತಿದ್ದೆ. ಏಳನೆಯ ಸಲ ನೋಡಲಿಲ್ಲ, ನನ್ನನ್ನು ನಂಬಿದೆ. ಏರುಪೇರಾದರೆ ಏನಾಗುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆಯಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಈ ಸಾಲುಗಳನ್ನು ಹರಿದು ತೆಗೆಯಬೇಡ, ಮುಖ್ಯಸ್ಥರು ಇವನ್ನೂ ಓದಲಿ. ನಾನು ಈಗ ಜುಮಾಗುಲ್‌ಳ ಮನೆಗೆ ಹೊರಟಿದ್ದೇನೆ, ಇದನ್ನೇ ಹೇಳಲು.