ಬಾಗಿಲು ಮುಚ್ಚಲಾಯಿತು

ಕೆಳಖಣಿ,
ನೆರಳಿನ ಶಕೆ ಇನ್ನೂರ ಹದಿನಾರು, ಹದಿನಾಲ್ಕನೇ ತಿಂಗಳ ಹುಣ್ಣಿಮೆ.

ಮುತ್ತಜ್ಜ ಮುತ್ತಜ್ಜಿಯರಿಗೆ ಗುರುಬಾಯಿಯ ಶರಣು. ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು, ಹುಡುಕಬೇಡಿ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮದೊಂದು ಪದ ಮಾತ್ರ ನನಗೆ ಚೆನ್ನಾಗಿ ತಿಳಿದಿದೆ. ಅದಕ್ಕಾಗಿ ನಿಮ್ಮನ್ನು ಕ್ಷಮಿಸುವ ಮನಸ್ಸು ಇವತ್ತು ನನಗಿಲ್ಲ.

ನೀವು ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಕಲಬುರಗಿ ಸೀಮೆಯ ಖಣಿಗಳಲ್ಲೇ ನಾವು ಬದುಕುತ್ತಿದ್ದೇವೆ. ಮೇಲಿನ ಹಗಲು ಮನುಷ್ಯರನ್ನು ಉಳಿಸುವುದಿಲ್ಲ. ನಸುಕಿನಲ್ಲಿ ಹತ್ತಿಹೋಗಿ ಜೋಳಕ್ಕೆ, ತೊಗರಿಗೆ ನೀರುಣಿಸಿ, ಬಿಸಿಲೇರುವ ಮೊದಲೇ ಇಳಿದುಬಂದು ಕಲ್ಲಿನ ದೊಡ್ಡ ಬಾಗಿಲು ಮುಚ್ಚುತ್ತೇವೆ. ಅದಕ್ಕೆ ಹಗಲುಗದ ಎಂದು ಹೆಸರು. ಅದು ಎಷ್ಟು ದಪ್ಪವೆಂದರೆ ಆಚೆಯಿಂದ ಬಡಿದರೆ ಈಚೆ ಕೇಳಿಸದು. ಒಳಗೆ ತಂಪು, ರೊಟ್ಟಿ, ಪುಂಡಿಪಲ್ಯ, ಮಕ್ಕಳ ಗದ್ದಲ, ಮತ್ತು ಜಗಳ. ಜಗಳವೆಲ್ಲ ಗಾಳಿಗಂಡಿಯ ಕೆಳಗೆ ಯಾರು ಮಲಗಬೇಕೆಂಬುದಕ್ಕೆ.

ನಾನು ತೀರ್ಪು ಕೊರೆಯುವವಳು. ಸಭೆ ಹೇಳಿದ್ದನ್ನು ಫರ್ಸಿಯ ಮೇಲೆ ಉಳಿಯಿಂದ ಕೊರೆದು ಬಾಗಿಲ ಬಳಿ ನಿಲ್ಲಿಸುತ್ತೇನೆ. ನಮ್ಮಲ್ಲಿ ಕರ್ತೃಕಟ್ಟು ಎಂಬ ನಿಯಮವಿದೆ. ಸಾವಿನ ಮಾತು ಬಂದ ವಾಕ್ಯದಲ್ಲಿ ಕೊಂದವರು ಯಾರೆಂದು ಇರಲೇಬೇಕು. ಮಕ್ಕಳು ಕಾಗುಣಿತ ಮುಗಿಸಿದ ಮೇಲೆ ಮೊದಲು ಕಲಿಯುವುದೇ ಇದನ್ನು.

ಹೋದ ತಿಂಗಳು ಗಾಳಿಗಂಡಿಯ ಜಾಗಕ್ಕಾಗಿ ಭೀಮಶಾ ಎಂಬವನು ನನ್ನ ತಮ್ಮ ಮಲ್ಕಣ್ಣನೊಡನೆ ಜಗಳವಾಡಿದ. ಮರುದಿನ ಮಲ್ಕಣ್ಣ ಇನ್ನೂ ಹೊಲದಲ್ಲಿದ್ದಾಗಲೇ, ಎಲ್ಲರೂ ಇಳಿದರೆಂದು ಹೇಳಿ ಹಗಲುಗದ ಮುಚ್ಚಿಬಿಟ್ಟ. ಸಂಜೆ ತೆರೆದಾಗ ನನ್ನ ತಮ್ಮ ಅದಕ್ಕೇ ಒರಗಿಕೊಂಡಿದ್ದ. ಅವನ ಅಂಗೈಯ ಚರ್ಮ ಕಲ್ಲಿಗೆ ಅಂಟಿತ್ತು. ಅದನ್ನು ಬಿಡಿಸಿದವಳು ನಾನು.

“ನಾ ಬಾಗ್ಲಾ ಹಾಕೀನಿ, ಅಷ್ಟೇರಿ. ಕೊಂದಿದ್ದು ಬಿಸಲು,” ಎಂದ ಭೀಮಶಾ ಸಭೆಯಲ್ಲಿ. ಸಭೆ ಒಪ್ಪಲಿಲ್ಲ. ಹಗಲೆಲ್ಲ ಕೂತೆವು. ಕೊನೆಗೆ ಅವನು “ನಾನು ಕೊಂದೆ” ಎಂದ. ಆ ವಾಕ್ಯವನ್ನು ನಾನೇ ಕೊರೆದೆ.

ಅವನನ್ನೂ ಕೊಲ್ಲಬೇಕೆಂದು ಎಲ್ಲರೂ ಕೈ ಎತ್ತಿದರು. ಸುಳ್ಳೇಕೆ ಹೇಳಲಿ, ನಾನೂ ಎತ್ತಿದೆ. ಆದರೆ ಕರ್ತೃಕಟ್ಟು ನಮಗೂ ಇದೆ: ಒಬ್ಬರಾದರೂ ಎದ್ದು ನಿಂತು “ಇವನನ್ನು ನಾನು ಕೊಲ್ಲುತ್ತೇನೆ” ಎಂದು ಹೇಳಿ ಹೆಸರು ಕೊರೆಸಬೇಕು. ಕೈಗಳು ಇಳಿಯತೊಡಗಿದವು. “ಮನ್ಯಾಗ ಸಣ್ಣ ಮಕ್ಕಳವ, ನನ್ನ ಹೆಸ್ರ್ಯಾಕವ್ವಾ?” ಎಂದಳು ಪಕ್ಕದ ಮನೆಯ ಬಸಲಿಂಗಮ್ಮ. ನಾನು ಎದ್ದು ನಿಂತೆ. “ನಾನು” ಎಂಬಲ್ಲಿಯವರೆಗೆ ಬಂದ ನಾಲಿಗೆ ಮುಂದೆ ಹೊರಳಲಿಲ್ಲ. ಕೂತುಬಿಟ್ಟೆ. ಇಷ್ಟು ವರ್ಷಗಳಲ್ಲಿ ನಮ್ಮ ಖಣಿ ಯಾರನ್ನೂ ಕೊಂದಿಲ್ಲ. ನಾವೇನು ಶರಣರಲ್ಲ. ಹೆಸರು ಕೊಡುವವರು ಸಿಕ್ಕಿಲ್ಲ, ಅಷ್ಟೇ.

ಅಲ್ಲಿಗೆ ಮುಗಿಯಬೇಕಿತ್ತು. ಭೀಮಶಾ ಕಾವಲಿನಲ್ಲಿ ನೀರಿನ ರಾಟೆ ತಿರುಗಿಸುತ್ತ ಬದುಕಬೇಕಿತ್ತು, ನಾನು ದಿನಾ ಆ ಮುಖ ನೋಡಿ ಹಲ್ಲು ಕಡಿಯಬೇಕಿತ್ತು. ಅಷ್ಟರಲ್ಲಿ ಹಳೇ ಕಾಗದ ಓದುವ ನಮ್ಮ ಖಣಿಯ ಹಿರಿಯ ರೇವಣಪ್ಪ ಮುತ್ಯಾ ನಿಮ್ಮ ಕಾಲದ ಪತ್ರಿಕೆಯ ಹರಕೊಂದನ್ನು ತಂದು ಓದಿದ: “ಅಪರಾಧಿಯನ್ನು ಗಲ್ಲಿಗೇರಿಸಲಾಯಿತು.” ಯಾರು ಏರಿಸಿದರು? ಅದರಲ್ಲಿಲ್ಲ. ಮುತ್ಯಾನ ಮುಖ ಅರಳಿತು. “ನೋಡ್ರಿ, ನಮ್ಮ ಹಿರೇರು ಎಷ್ಟ್ ಶಾಣ್ಯಾರಿದ್ರು! ಮನ್ಷಾ ಸತ್ತಾನ, ಯಾರೂ ಕೊಂದಿಲ್ಲ!”

ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವವರಿಗೆ ಇನ್ನೇನು ಬೇಕು? ಇಳಿದ ಕೈಗಳೆಲ್ಲ ಮತ್ತೆ ಮೇಲೆದ್ದವು. “ಭೀಮಶಾನನ್ನು ಹೊರಗೆ ಬಿಡಲಾಯಿತು, ಬಾಗಿಲು ಮುಚ್ಚಲಾಯಿತು” ಎಂದು ಕೊರೆಯಲು ನನಗೆ ಅಪ್ಪಣೆಯಾಗಿದೆ. ಭೀಮಶಾ ಹೇಳಿದ್ದೂ ಇದನ್ನೇ ಅಲ್ಲವೇ, ಅವನ ಬಾಯಲ್ಲಿ ಒಪ್ಪದ್ದು ನಮ್ಮ ಬಾಯಲ್ಲಿ ಹೇಗೆ ಒಪ್ಪುತ್ತದೆ ಎಂದು ಗಂಟಲು ಹರಿಯುವಂತೆ ಕೂಗಿದೆ. ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು. ಹಾಗಾದರೆ ಕದ ತಳ್ಳುವವರು ಯಾರು ಎಂದೆ. “ನೀನೇ ತಳ್ಳವ್ವಾ, ನಿನ್ ತಮ್ಮ ಅಲ್ಲೇನು?” ಎಂದಳು ಬಸಲಿಂಗಮ್ಮ, ಪ್ರೀತಿಯಿಂದಲೇ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಕೊಲ್ಲುವುದು ಎಲ್ಲ ಕಾಲದಲ್ಲೂ ಇತ್ತು, ಬಲ್ಲೆ. ಕೊಂದ ಮೇಲೆ ಹೆಸರಿಲ್ಲದೆ ಮನೆಗೆ ಹೋಗಿ ಉಣ್ಣುವ ದಾರಿಯನ್ನು ನೀವು ಕಾಗದದಲ್ಲಿ ಉಳಿಸಿಟ್ಟಿರಿ. ಇನ್ನು ಮುಂದೆ “ಕೊಲ್ಲಲಾಯಿತು” ಎಂದು ನೀವು ಓದಿದಾಗ, ಬರೆದವರನ್ನು ಹಿಡಿದು ಯಾರು ಎಂದು ಕೇಳಿ. ಕೊಂದವರ ಹೆಸರನ್ನೂ, ಕೈ ಎತ್ತಿದ ನಿಮ್ಮ ಹೆಸರನ್ನೂ ಬರೆಸಿ. ಆ ಹರಕು ಕಾಗದ ನಮ್ಮ ಮುತ್ಯಾನ ಕೈಗೆ ಸಿಗುವಂತೆ ಮಾಡಬೇಡಿ.

ಕಲ್ಲಿನ ಮೇಲೆ “ಭೀಮಶಾನನ್ನು” ಎಂದಷ್ಟೇ ಕೊರೆದಿದ್ದೇನೆ. ಅವನು ಸತ್ತರೆ ನನಗೆ ಅಳು ಬರುವುದಿಲ್ಲ, ಅದೂ ನಿಜ. ಆದರೆ ಆ ಕದ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ತಳ್ಳಲು ಒಬ್ಬರ ಹೆಗಲು ಬೇಕು. ನಾಳೆ ಬಿಸಿಲೇರುವ ಮೊದಲು ನಾನು ಉಳಿ ಹಿಡಿದು ಹೊಸ್ತಿಲ ಮೇಲೆ ಕೂರುತ್ತೇನೆ. ತಳ್ಳಲು ಬಂದವರ ಹೆಸರು ಕೇಳುತ್ತೇನೆ.

ಇಂತು,
ಗುರುಬಾಯಿ, ಮಲ್ಕಣ್ಣನ ಅಕ್ಕ